ಬಿಳಿಚೋಡಿನ ಆಯಾರ

ಶಾಲೆಯ ಬಿಸಿಯೂಟದ ಅಡುಗೆ ಮುಗಿಸಿ, ಹಂಡೆಯಂಥ ಪಾತ್ರೆಗಳನ್ನು ತಿಕ್ಕಿ, ಮನೆಗೆ ಬಂದು ಮತ್ತೆ ಒಲೆ ಮುಂದೆ ನಿಲ್ಲುವ ಹೆಂಗಸಿಗೆ ಸಂಜೆ ಹೊತ್ತು ಯಾರಾದರೂ ಹೊಸ ಸುದ್ದಿ ತೆಗೆದರೆ ಮೈಯೆಲ್ಲ ಉರಿಯುತ್ತದೆ. ನಲ್ಲೂರಿನ ಅಂಜಿನಮ್ಮನಿಗೂ ಹಾಗೇ ಆಯಿತು. ಅವಳು ಮುದ್ದೆಯ ಹಿಟ್ಟು ತಿರುವುತ್ತಿದ್ದಾಗ ಮಗಳು ಸಂಘಮಿತ್ರಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಈ ವರ್ಷದ ಊರ ನಾಟಕವನ್ನು ತಾನೇ ನಿಂತು ಮಾಡಿಸುವುದಾಗಿಯೂ, ಅದಕ್ಕೆ ಕಾಲೇಜಿನಲ್ಲಿ ಅಂಕ ಕೊಡುತ್ತಾರೆಂದೂ ಹೇಳಿದಳು.

“ನಾಟಕ ಮಾಡಾಕೆ ಗಂಡಸ್ರು ಅದಾರೆ. ನೀನೇನು ಮಾಡ್ತೀಯ?”

“ಅವರು ಪಾರ್ಟು ಮಾಡ್ತಾರವ್ವ. ನಾನು ಉಳಿದಿದ್ದೆಲ್ಲ ನೋಡ್ಕಂತೀನಿ.”

ಉಳಿದಿದ್ದೆಲ್ಲವನ್ನೂ ನೋಡಿಕೊಳ್ಳುವುದನ್ನು ಕಲಿಸಲಿಕ್ಕೂ ಕಾಲೇಜು ಬೇಕೆ ಎಂದು ಅಂಜಿನಮ್ಮನಿಗೆ ನಗು ಬಂತು. ಇಪ್ಪತ್ತು ವರ್ಷದಿಂದ ಅವಳು ಮಾಡುತ್ತಿದ್ದುದು ಅದನ್ನೇ. ಒಬ್ಬರೂ ಅಂಕ ಕೊಟ್ಟಿರಲಿಲ್ಲ.

ಮಗಳು ಚನ್ನಗಿರಿಗೆ ಬಸ್ಸಿನಲ್ಲಿ ಹೋಗಿ ಬಿ.ಕಾಂ. ಓದುತ್ತಿದ್ದಳು. ಅದರ ಜೊತೆಗೆ ಮೈನರ್ ಅಂತ ಇನ್ನೊಂದು ವಿಷಯ ತಗೋಬೇಕಿತ್ತು. ಓರಗೆಯ ಹುಡುಗಿಯರು ಕಂಪ್ಯೂಟರ್ ತಗೊಂಡರೆ ಇವಳು ‘ಕಲೆ ಮತ್ತು ಮನರಂಜನೆ ನಿರ್ವಹಣೆ’ ತಗೊಂಡು ಬಂದಿದ್ದಳು. ಅಂದರೇನು ಎಂದು ಅಪ್ಪ ಕೇಳಿದ್ದಕ್ಕೆ, ಕಾರ್ಯಕ್ರಮ ಯಾವಾಗ ಶುರುವಾಗಬೇಕು, ಜನ ಎಲ್ಲಿ ಕೂರಬೇಕು, ಕರೆಂಟು ಹೋದರೆ ಏನು ಮಾಡಬೇಕು, ಕಲಾವಿದರಿಗೆ ಊಟ ಎಲ್ಲಿ, ಇದನ್ನೆಲ್ಲ ಮೊದಲೇ ಯೋಚಿಸುವುದು ಎಂದಿದ್ದಳು. ಪಂಚಾಯ್ತಿ ನೀರು ಬಿಡುವ ಕೆಲಸದ ಜಯಪ್ಪನಿಗೆ ಅದು ತಕ್ಕಮಟ್ಟಿಗೆ ಅರ್ಥವಾಯಿತು. ಯಾವ ಓಣಿಗೆ ಯಾವಾಗ ನೀರು ಬಿಡಬೇಕು ಅಂತ ಯೋಚಿಸದಿದ್ದರೆ ಜನ ಕೊಡ ಹಿಡಿದು ಮನೆಗೇ ಬರುತ್ತಾರೆ.

ಅರ್ಥವಾಗದವಳು ಅತ್ತೆ ಲಕ್ಷ್ಮಮ್ಮ. ಮೊಮ್ಮಗಳ ಓದು ಎಂದರೆ ಮುದುಕಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅದಕ್ಕೆ ಕಾರಣವೂ ಇತ್ತು. ಲಕ್ಷ್ಮಮ್ಮನ ಮಗಳು, ಅಂದರೆ ಜಯಪ್ಪನ ತಂಗಿ ಕೊಟ್ರಮ್ಮ, ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿದ್ದಳು. ಅವಳ ಮಗ ಸಿದ್ದುಗೆ ಮಿತ್ರಾಳನ್ನು ತರುವುದೆಂದು ತೊಟ್ಟಿಲಲ್ಲೇ ಮಾತಾಗಿತ್ತು. ಪಿಯುಸಿ ಮುಗಿದ ವರ್ಷ ಕೊಟ್ರಮ್ಮ ಹೂವು ಹಣ್ಣು ಹಿಡಿದು ಬಂದಾಗ ಹುಡುಗಿ ಓದಬೇಕು ಎಂದಳು. ಜಯಪ್ಪ ಮಗಳ ಪರ ನಿಂತ. ಕೊಟ್ರಮ್ಮ ತಂದ ಹೂವನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಹೋದವಳು ತವರಿನ ಹೊಸಿಲು ಮತ್ತೆ ತುಳಿದಿರಲಿಲ್ಲ.

ಈಗ ಸಿದ್ದುಗೆ ಬೇರೆ ಕಡೆ ಹೆಣ್ಣು ಗೊತ್ತಾಗಿ, ಬೇಸಿಗೆಗೆ ಲಗ್ನವೆಂದು ಯಾರ್ಯಾರದೋ ಬಾಯಿಂದ ಸುದ್ದಿ ಬಂದಿತ್ತು. ಸೋದರಮಾವನಿಗೆ ಮಾತ್ರ ಕರೆಯಿಲ್ಲ. ಅಳಿಯ ಹಸೆಮಣೆಯ ಮೇಲೆ ಕೂತಾಗ ಪಕ್ಕದಲ್ಲಿ ನಿಲ್ಲಬೇಕಾದವನು ನಲ್ಲೂರಿನಲ್ಲಿ ವಾಲ್ವು ತಿರುಗಿಸುತ್ತ ನಿಂತಿರುವುದು ಎಂದರೆ ಲಕ್ಷ್ಮಮ್ಮನಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ.

“ಓದು ಅಂತ ನನ್ನ ಮಗಳ್ನ ಕಳ್ಕಂಡೆ. ಈಗ ನಾಟಕ ಮಾಡ್ಸೋದು ಓದಂತೆ” ಎಂದು ಮುದುಕಿ ಅವತ್ತು ತಟ್ಟೆಯ ಮುಂದೆ ಕೂತು ಅಂದಳು. ಮಿತ್ರಾ ಉತ್ತರ ಕೊಡಲು ಬಾಯಿ ತೆರೆದಳು. ಅಂಜಿನಮ್ಮ ಅವಳ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ ಬಾಯಿ ಮುಚ್ಚಿಸಿದಳು.

ನಾಟಕದ ವಿಷಯದಲ್ಲಿ ಇನ್ನೂ ಒಂದು ವಿಶೇಷವಿತ್ತು. ಹರೆಯದಿಂದ ಪರದೆ ಎಳೆಯುತ್ತಲೇ ಬಂದಿದ್ದ ಜಯಪ್ಪನಿಗೆ ಈ ಸಲ ಪಾರ್ಟು ಸಿಕ್ಕಿತ್ತು, ಅದೂ ಅಣ್ಣನ ಪಾರ್ಟು. ತಂಗಿಯನ್ನು ದೂರ ಮಾಡಿಕೊಂಡ ಅಣ್ಣನೊಬ್ಬ ಕೊನೆಯ ಅಂಕದಲ್ಲಿ ಅವಳ ಬಾಗಿಲಿಗೆ ಬಂದು ನಿಲ್ಲುವ ಕಥೆ. ಯಾರು ಆರಿಸಿದರೋ, ಬೇಕೆಂದೇ ಆರಿಸಿದರೋ, ಜಯಪ್ಪ ಕೇಳಲಿಲ್ಲ. ಬೆಳಗಾಗೆದ್ದು ವಾಲ್ವು ತಿರುಗಿಸುತ್ತ, ಹಲ್ಲುಜ್ಜುತ್ತ, ಸೈಕಲ್ ಒರೆಸುತ್ತ ಒಂದೇ ಮಾತು: “ತಂಗೀ, ಈ ಅಣ್ಣ ಒಳಗೆ ಬರಬಹುದೇನಮ್ಮ?”

ಕೇಳಿ ಕೇಳಿ ಸಾಕಾದ ಅಂಜಿನಮ್ಮ ಒಳಗಿನಿಂದಲೇ “ಬರ್ರಿ, ಕಾಲು ತೊಳ್ಕಂಡು ಬರ್ರಿ” ಅನ್ನುತ್ತಿದ್ದಳು.

ತಾಲೀಮು ಶುರುವಾಯಿತು. ನ್ಯಾಮತಿಯಿಂದ ಹಾರ್ಮೋನಿಯಂ ಪೇಟಿಯ ಮಾಸ್ತರು ರುದ್ರಮುನಿ ಬಂದರು. ಇಳಿವಯಸ್ಸು, ತಲೆ ತುಂಬ ಬಣ್ಣ ಹಚ್ಚಿದ ಕಪ್ಪು ಕೂದಲು, ಸಕ್ಕರೆ ಹೆಚ್ಚು ಬೇಕೆನ್ನುವ ಚಹಾ. ಅವರ ಊಟ ಜಯಪ್ಪನ ಮನೆಯಲ್ಲಿ ಎಂದಾಯಿತು. ಯಾಕೆ ನಮ್ಮ ಮನೆಯಲ್ಲೇ ಎಂದು ಅಂಜಿನಮ್ಮ ಕೇಳಿದಳು. ಕಲಾವಿದರ ಊಟ ಒಂದೇ ಕಡೆ ಇದ್ದರೆ ಹೊತ್ತು ಉಳಿಯುತ್ತದೆ ಎಂದು ಮಗಳು ಹೇಳಿದಳು. ಉಳಿದ ಹೊತ್ತು ಯಾರದು, ಹೋದ ಹೊತ್ತು ಯಾರದು ಎಂಬುದು ಅವಳ ಪಾಠದಲ್ಲಿ ಇನ್ನೂ ಬಂದಿರಲಿಲ್ಲವೇನೋ. ಶಾಲೆಯಲ್ಲಿ ಮಕ್ಕಳಿಗೆ ಬಡಿಸಿ ಬಂದು, ಸಂಜೆ ಮಾಸ್ತರಿಗೂ ಪಾರ್ಟಿನವರಿಗೂ ಮಂಡಕ್ಕಿ ಒಗ್ಗರಣೆ ಮಾಡಿ, ಅವರು ಹೋದ ಮೇಲೆ ಮನೆಯವರಿಗೆ ಸಾರು ಕುದಿಸುವಷ್ಟರಲ್ಲಿ ಅಂಜಿನಮ್ಮನ ಸೊಂಟ ಬಿದ್ದುಹೋಗುತ್ತಿತ್ತು.

ಮಗಳು ಮಾತ್ರ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಓಡಾಡಿದಳು. ಕುರ್ಚಿ ಎಲ್ಲಿ, ಹೆಂಗಸರು ಎಲ್ಲಿ, ಜನರೇಟರ್ ಎಲ್ಲಿ. ನಾಟಕ ಸಂಜೆ ಏಳಕ್ಕೆ ಶುರುವಾಗಿ ಹನ್ನೊಂದಕ್ಕೆ ಮುಗಿಯಬೇಕು, ಬೆಳಗಾಗುವವರೆಗೆ ಎಳೆಯುವ ಹಾಗಿಲ್ಲ. ಹಾಗೆ ಮುಗಿಯಬೇಕಾದರೆ ಒಂದು ಕೆಲಸ ಮಾಡಬೇಕು. ಆಯಾರ ನಿಲ್ಲಿಸಬೇಕು.

ಆ ಕಡೆಯ ನಾಟಕ ನೋಡದವರಿಗೆ ಈ ಆಯಾರದ ಸಂಗತಿ ಹೇಳಬೇಕು. ನಾಟಕ ನಡೆಯುತ್ತಿರುವಾಗಲೇ ಪಾರ್ಟಿನವನ ನಂಟರು ತಟ್ಟೆಯಲ್ಲಿ ಅಂಗಿಬಟ್ಟೆ, ಟವೆಲು, ಅರಿಶಿನ ಕುಂಕುಮ ಇಟ್ಟುಕೊಂಡು ಸ್ಟೇಜು ಹತ್ತುತ್ತಾರೆ. ಪೇಟಿ ನಿಲ್ಲುತ್ತದೆ. ರಾಜನಾಗಲಿ, ಕಳ್ಳನಾಗಲಿ, ಸಾಯುತ್ತ ಬಿದ್ದವನಾಗಲಿ, ಎದ್ದು ನಿಂತು ಹೆಗಲ ಮೇಲೆ ಬಟ್ಟೆ ಹೊದೆಸಿಕೊಳ್ಳುತ್ತಾನೆ. ಮಾಸ್ತರು ಮೈಕಿನಲ್ಲಿ ಹೆಸರು ಕೂಗುತ್ತಾರೆ. ಸತ್ತವನು ಮತ್ತೆ ಮಲಗಿ ಸಾಯುತ್ತಾನೆ. ಒಬ್ಬೊಬ್ಬ ನಟನಿಗೂ ಹೀಗೆ ಹತ್ತಾರು ಜನ ಬಂದರೆ ಬೆಳಗಾಗದೆ ಇನ್ನೇನು?

ಆದರೆ ಆಯಾರಕ್ಕೆ ಇನ್ನೊಂದು ಉಪಯೋಗವೂ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಾತು ಬಿಟ್ಟ ಅಣ್ಣತಮ್ಮಂದಿರು, ಹೊಲದ ಬದುವಿಗೆ ಬಡಿದಾಡಿಕೊಂಡ ದಾಯಾದಿಗಳು, ಮುನಿಸಿಕೊಂಡ ಹೆಣ್ಣುಮಕ್ಕಳು ಸ್ಟೇಜಿನ ಮೇಲೆ ಆಯಾರ ಮಾಡಿ ಇಳಿದುಬಿಟ್ಟರೆ ಜಗಳ ಮುಗಿದ ಹಾಗೆ. ಬಟ್ಟೆ ಕೊಟ್ಟದ್ದು ಬಣ್ಣ ಹಚ್ಚಿದವನಿಗೆ. ಆದ್ದರಿಂದ ಮೊದಲು ಯಾರು ತಲೆ ಬಾಗಿದರು ಎಂಬ ಲೆಕ್ಕ ಬರುವುದಿಲ್ಲ. ಮಾತಾಡುವ ಅಗತ್ಯವೂ ಇಲ್ಲ. ಮಾರನೇ ದಿನ ಇವನು ಹಣ್ಣು ಹಿಡಿದು ಅವರ ಮನೆಗೆ ಹೋದರೆ ಆಯಿತು. ಒಂದೇ ಕಟ್ಟುಪಾಡು: ಮೊದಲೇ ಹೇಳಬಾರದು. ಹೇಳಿಸಿಕೊಂಡು ಬಂದ ಆಯಾರ ಬೇಡಿ ಪಡೆದ ಹಾಗೆ.

ಪಾಪ, ಮಿತ್ರಾಗೆ ಇದು ಗೊತ್ತಿರಲಿಲ್ಲ. ಅವಳಿಗೆ ಯಾರು ಹೇಳಬೇಕಿತ್ತು? ನಾಟಕ ಆಡುವ ಊರ ಕಲಾ ಸಂಘದವರು ಮೀಟಿಂಗಿನಲ್ಲಿ ಅವಳ ಮಾತಿಗೆ ತಲೆಯಾಡಿಸಿದರು, ಯಾಕೆಂದರೆ ಅವರಿಗೂ ನಿದ್ದೆ ಬೇಕಿತ್ತು. ನಾಟಕ ನಡೆಯುವ ಶಾಲೆಯ ಬಯಲಿನ ಬಾಗಿಲಿಗೆ ಒಂದು ಟೇಬಲ್ ಹಾಕುವುದು, ಆಯಾರ ಮಾಡುವವರು ಅಲ್ಲೇ ಕೊಡುವುದು, ಮಧ್ಯೆ ಬಿಡುವಿನಲ್ಲಿ ಎಲ್ಲರ ಹೆಸರು ಒಟ್ಟಿಗೆ ಓದುವುದು ಎಂದಾಯಿತು. ಜಯಪ್ಪ ಆ ಮೀಟಿಂಗಿನಲ್ಲಿ ಗೋಡೆ ನೋಡುತ್ತ ಕೂತಿದ್ದ. ಬೇಡ ಅಂದರೆ ಇವನಿಗೆ ಬಟ್ಟೆಯಾಸೆ ಎಂದು ನಗುತ್ತಾರೆ.

ಮಿತ್ರಾ ಮನೆಗೆ ಬಂದು ಅಮ್ಮನ ಅಭಿಪ್ರಾಯ ಕೇಳಿದಾಗ ಅಂಜಿನಮ್ಮ ಪಾತ್ರೆ ತೊಳೆಯುತ್ತಿದ್ದಳು. “ಲಗೂನ ಮುಗೀತೈತೆ ಅಂದ್ರೆ ಹಂಗೇ ಮಾಡು” ಎಂದಳು. ಅವಳಿಗೆ ಬೇಕಾಗಿದ್ದುದು ಅದೊಂದೇ, ಮುಗಿಯುವುದು. ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಲಕ್ಷ್ಮಮ್ಮನ ಕೈ ನಿಂತಿತು. ಮುದುಕಿ ಏನೋ ಹೇಳಬೇಕೆಂದು ಮಗನ ಮುಖ ನೋಡಿದಳು. ಮಗ ಎದ್ದು ಸೈಕಲ್ ಒರೆಸಲು ಹೋದ. ಕುಟ್ಟುವುದು ಮತ್ತೆ ಶುರುವಾಯಿತು.

ನಾಟಕದ ಸಂಜೆ ಶಾಲೆಯ ಬಯಲು ತುಂಬಿತು. ಮುಂದಿನ ಸಾಲಿನಲ್ಲಿ ಮಿತ್ರಾಳ ಕಾಲೇಜಿನ ರವಿಕುಮಾರ್ ಸರ್ ಕೂತಿದ್ದರು. ಎಲ್ಲ ಅವಳು ಹೇಳಿದ ಹಾಗೇ ನಡೆಯಿತು. ಏಳಕ್ಕೆ ಪರದೆ ಎದ್ದಿತು. ಕರೆಂಟು ಹೋಯಿತು, ಜನರೇಟರ್ ಬಂತು. ದಾವಣಗೆರೆಯಿಂದ ಕರೆಸಿದ್ದ ಕಲಾವಿದೆ ತಂಗಿಯ ಪಾರ್ಟಿನಲ್ಲಿ ಹೆಂಗಸರನ್ನೆಲ್ಲ ಅಳಿಸಿದಳು. ಸ್ಟೇಜಿನ ಪಕ್ಕದಲ್ಲಿ ಅನ್ನದ ಬುಟ್ಟಿ ಕಾಯುತ್ತ ಕೂತಿದ್ದ ಅಂಜಿನಮ್ಮನಿಗೂ ಮಗಳನ್ನು ನೋಡಿ ಹೆಮ್ಮೆಯಾಯಿತು. ಕೊರಳಲ್ಲಿ ಬಿಲ್ಲೆ ಹಾಕಿಕೊಂಡು, ದೊಡ್ಡವರನ್ನೂ ನಯವಾಗಿ ಕೂರಿಸುತ್ತ, ಒಂದು ಸಲವೂ ದನಿ ಎತ್ತದೆ ಓಡಾಡುತ್ತಿದ್ದಳು.

ಕೊನೆಯ ಅಂಕ ಶುರುವಾಗಿತ್ತು. ಜಯಪ್ಪ ಅಂಟಿಸಿದ ಬಿಳಿ ಮೀಸೆ, ಹರಕು ಕಂಬಳಿಯಲ್ಲಿ ತಂಗಿಯ ಬಾಗಿಲಿನ ಕಡೆಗೆ ನಡೆಯುತ್ತಿದ್ದ. ಆಗ ಸ್ಟೇಜಿನ ಮೆಟ್ಟಿಲ ಬಳಿ ಹೆಂಗಸೊಬ್ಬಳು ಬಂದು ನಿಂತಳು. ಕೈಯಲ್ಲಿ ಸ್ಟೀಲಿನ ತಟ್ಟೆ, ಅದರ ಮೇಲೆ ಕೆಂಪು ವಸ್ತ್ರ. ಹಿಂದೆ ಸಿದ್ದು. ಅಂಜಿನಮ್ಮನಿಗೆ ನಾದಿನಿಯ ಗುರುತು ಸಿಗಲು ತುಸು ಹೊತ್ತು ಬೇಕಾಯಿತು, ಕೊಟ್ರಮ್ಮ ಬಡವಾಗಿದ್ದಳು. ಅಂಜಿನಮ್ಮ ಏಳುವಷ್ಟರಲ್ಲಿ ಮಿತ್ರಾ ಅವಳ ಮುಂದೆ ಹೋಗಿ ನಿಂತಿದ್ದಳು.

ಸೋದರತ್ತೆಯನ್ನು ಕಂಡು ಹುಡುಗಿಗೆ ಖುಷಿಯೇ ಆಗಿತ್ತು. ಹತ್ತಿರದ ಕುರ್ಚಿ ತೋರಿಸಿ, ಕೂತ್ಕೊಳ್ಳಿ ಅಂದಳು. ತಟ್ಟೆಯನ್ನು ಟೇಬಲಿನ ಬಳಿ ಕೊಟ್ಟರೆ ಕೊನೆಯಲ್ಲಿ ತಾನೇ ಹೆಸರು ಓದಿಸುತ್ತೇನೆ ಅಂದಳು.

“ನಾನು ನಮ್ಮಣ್ಣಗೆ ಕೊಡಾಕೆ ಬಂದೀನಿ. ಟೇಬಲ್‌ಗಲ್ಲ.”

“ನಿಮ್ಮನ್ನ ಬಿಟ್ರೆ ಎಲ್ಲಾರನ್ನೂ ಬಿಡಬೇಕಾಗ್ತೈತೆ ಅತ್ತೆ. ಊರೋರೆಲ್ಲ ಅಲ್ಲೇ ಕೊಟ್ಟಾರೆ. ಮುಗಿದ ಮ್ಯಾಲೆ ಅಪ್ಪನ ಕೈಗೇ ಕೊಡೀರಂತೆ.”

ನ್ಯಾಯವಾದ ಮಾತೇ. ಕೊಟ್ರಮ್ಮ ಅವಳನ್ನೂ ಅವಳ ಕೊರಳಿನ ಬಿಲ್ಲೆಯನ್ನೂ ನೋಡಿದಳು. ಈ ಹುಡುಗಿ ತನ್ನನ್ನು ಬೇಡವೆಂದದ್ದು ಇದು ಎರಡನೇ ಸಲ. “ನಡಿಯೋ ಸಿದ್ದು” ಎಂದು ತಟ್ಟೆಯನ್ನು ಸೆರಗಿನೊಳಗೆ ಇಟ್ಟುಕೊಂಡು ತಿರುಗಿದಳು. ಅಂಜಿನಮ್ಮ ಜನರನ್ನು ತಳ್ಳಿಕೊಂಡು ರಸ್ತೆಗೆ ಬರುವಷ್ಟರಲ್ಲಿ ಸಿದ್ದುವಿನ ಬೈಕು ಹೊರಟುಹೋಗಿತ್ತು.

ಸ್ಟೇಜಿನ ಮೇಲಿದ್ದ ಜಯಪ್ಪ ಎಲ್ಲವನ್ನೂ ನೋಡಿದ್ದ. ಬಾಗಿಲ ಮುಂದೆ ನಿಂತು ಆ ಮಾತು ಹೇಳಬೇಕಿತ್ತು. ಪಕ್ಕದಿಂದ ಹೇಳಿಕೊಟ್ಟರು, ಮಾಸ್ತರು ಪೇಟಿಯಲ್ಲಿ ಎತ್ತಿಕೊಟ್ಟರು. ಅವನ ಬಾಯಿ ತೆರೆಯಲಿಲ್ಲ. ಅನುಭವಸ್ಥೆಯಾದ ಕಲಾವಿದೆ ತಾನೇ ಬಾಗಿಲು ತೆರೆದು ಮುಂದಿನ ಮಾತು ಹೇಳಿ ದಾಟಿಸಿದಳು. ಅಭಿನಯವೆಂದರೆ ಇದು ಎಂದು ಜನ ಚಪ್ಪಾಳೆ ತಟ್ಟಿದರು. ರವಿಕುಮಾರ್ ಸರ್ ಹೊರಡುವಾಗ, ನಿಮ್ಮ ತಂದೆಯವರು ಆ ಜಾಗದಲ್ಲಿ ಮೌನವಾಗಿ ನಿಂತರಲ್ಲ, ಅದನ್ನು ಮರೆಯಲಿಕ್ಕಾಗಲ್ಲ ಎಂದು ಮಿತ್ರಾಳಿಗೆ ಹೇಳಿಹೋದರು.

ನಾಟಕ ಹನ್ನೊಂದಕ್ಕೆ ಮುಗಿಯಿತು.

ಅದಾದ ಮೇಲೆ ಆ ಮನೆಯಲ್ಲಿ ಜಗಳವಾಗಿದ್ದರೂ ಚೆನ್ನಾಗಿತ್ತು. ಯಾರೂ ಜಗಳವಾಡಲಿಲ್ಲ. ಜಯಪ್ಪ ಬೆಳಿಗ್ಗೆ ಎದ್ದು ನೀರು ಬಿಡಲು ಹೋಗುತ್ತಿದ್ದ, ಬಂದು ಉಣ್ಣುತ್ತಿದ್ದ, ಹಾಕಿದಷ್ಟನ್ನೇ ಉಂಡು ಏಳುತ್ತಿದ್ದ. ಸಾರು ಬೇಕೆ ಎಂದರೆ ಕೈ ಅಡ್ಡ ಹಿಡಿಯುತ್ತಿದ್ದ. ಮುದುಕಿ ಅರ್ಧ ಮುದ್ದೆಯನ್ನು ನಾಯಿಗೆ ಹಾಕುತ್ತಿದ್ದಳು. ಗೋಡೆಯ ಮೇಲೆ, ಬೇರೆ ಊರಲ್ಲಿದ್ದ ಮೈದುನ ಹಿಂದೊಮ್ಮೆ ತಂದು ಹಾಕಿದ್ದ ಬುದ್ಧನ ಪಟವೂ, ಅತ್ತೆಯ ಮನೆದೇವರ ಪಟವೂ ಪಕ್ಕಪಕ್ಕದಲ್ಲಿದ್ದವು. ಎರಡಕ್ಕೂ ಸೇರಿ ಒಂದೇ ಊದುಬತ್ತಿ ಹಚ್ಚುವುದು ಮುದುಕಿಯ ಕೆಲಸ. ಅದೂ ನಿಂತಿತು. ಮಾಡಿದ ಅಡುಗೆ ಉಳಿಯಲು ಶುರುವಾಯಿತು. ಉಳಿದದ್ದನ್ನು ಮಾರನೇ ದಿನ ಬಿಸಿಮಾಡಿ ತಾನೊಬ್ಬಳೇ ಉಣ್ಣುತ್ತ ಅಂಜಿನಮ್ಮ, ಹೊಟ್ಟೆಗೆ ಹಾಕುವ ಕೆಲಸಕ್ಕಿಂತ ಹಾಕಿದ್ದನ್ನು ಬೇಡ ಅನ್ನಿಸಿಕೊಳ್ಳುವುದೇ ಹೆಚ್ಚು ದಣಿವು ಎಂದು ಕಂಡುಕೊಂಡಳು.

ನಾದಿನಿಗೆ ಫೋನು ಹಚ್ಚಿದಳು. ಎತ್ತಲಿಲ್ಲ.

ಮೂರನೇ ವಾರದಲ್ಲಿ ಮಿತ್ರಾ ಕಾಲೇಜಿನಿಂದ ಬಂದು, ತರಗತಿಗೇ ತನಗೆ ಹೆಚ್ಚು ಅಂಕ ಬಂದಿದೆ ಎಂದು ಊಟದ ಹೊತ್ತಿನಲ್ಲಿ ಹೇಳಿದಳು. ಯಾರೂ ತಲೆ ಎತ್ತಲಿಲ್ಲ. ಅವಳು ಇನ್ನೊಂದು ಸಲ ಹೇಳಿದಳು. ಆಗ ಲಕ್ಷ್ಮಮ್ಮ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

“ಆ ಅಂಕಾನ ತಗಂಡೋಗಿ ನಿಮ್ಮತ್ತೆ ಬಾಗಿಲಿಗೆ ಕಟ್ಟು. ನಾನು ಕಳಿಸಿದ್ದೆ ಕಣೇ ಸುದ್ದಿ. ನಿಮ್ಮಣ್ಣ ಬಣ್ಣ ಹಚ್ತಾನೆ ಅಂತ ಅಷ್ಟೇ ಹೇಳಿಕಳಿಸಿದ್ದೆ. ಅವಳು ಅರ್ಥ ಮಾಡ್ಕಂಡು ಬಂದ್ಲು. ಆಯಾರ ಮಾಡಿ, ಮದುವಿಗೆ ಕರೆಯಾಕೆ ಬಂದಿದ್ಲು. ನೀನು ಟೇಬಲ್ ತೋರ್ಸಿದೆ.”

ಹುಡುಗಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು. ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು.

“ನಂಗ್ಯಾಕೆ ಹೇಳ್ಲಿಲ್ಲ? ಅಪ್ಪ, ನೀನು ಮೀಟಿಂಗ್‌ನಾಗೆ ಇದ್ದೆ. ಒಂದು ಮಾತು ಅಂದಿದ್ರೆ ನಾನು ನಿಲ್ಸ್ತಿದ್ನಾ? ಈ ಮನ್ಯಾಗೆ ಯಾರೂ ಯಾವ್ದೂ ಬಾಯಿಬಿಟ್ಟು ಹೇಳಲ್ಲ. ಹೇಳ್ದೇ ಇದ್ದಿದ್ದನ್ನ ನಾನು ಎಲ್ಲಿಂದ ಓದ್ಕಳ್ಲಿ?”

“ಹೇಳಿದ್ರೆ ಅದು ಆಯಾರ ಆಗಲ್ಲಮ್ಮ” ಎಂದ ಜಯಪ್ಪ, ಅಷ್ಟು ದಿನಕ್ಕೆ ಮೊದಲ ಬಾರಿ ಬಾಯಿ ತೆರೆದು. “ನಿನ್ನ ತಪ್ಪಲ್ಲ ಬಿಡು. ನಾನು ಮ್ಯಾಲೆ ನಿಂತು ನೋಡಿದೆ. ಇಳಿದು ಹೋಗಿ ಕೈ ಹಿಡ್ಕಬೇಕಿತ್ತು. ಪಾರ್ಟು ಕೆಡ್ತೈತೆ ಅಂತ ನಿಂತ್ಕಂಡೆ. ಇನ್ನ ಯಾವ ಮಖ ಹೊತ್ತು ಆ ಊರಿಗೆ ಹೋಗ್ಲಿ?”

ಅಂಜಿನಮ್ಮ ಎದ್ದು ಎಲ್ಲರ ತಟ್ಟೆಗಳನ್ನು ಎತ್ತಿದಳು. ಯಾರದೂ ಖಾಲಿಯಾಗಿರಲಿಲ್ಲ. ತೊಳೆಯುವ ಕಲ್ಲಿನ ಬಳಿ ಮಗಳು ಬಂದು ಪಕ್ಕದಲ್ಲಿ ಕೂತು ತಟ್ಟೆ ತೊಳೆದಳು. ಅವಳು ಅಳುತ್ತಿದ್ದಳು. ಅಂಜಿನಮ್ಮನಿಗೆ ಸಮಾಧಾನ ಹೇಳುವ ತ್ರಾಣವಿರಲಿಲ್ಲ. ತನ್ನ ಮೇಲೇ ಸಿಟ್ಟು ಬಂದಿತ್ತು. ಲಗೂನ ಮುಗಿದರೆ ಸಾಕು ಎಂದವಳು ತಾನೇ ಅಲ್ಲವೆ.

ಭಾನುವಾರ ಮಿತ್ರಾ ಯಾರಿಗೂ ಹೇಳದೆ ಹೊನ್ನಾಳಿ ಬಸ್ಸು ಹತ್ತಿ, ಅಲ್ಲಿಂದ ನ್ಯಾಮತಿಗೆ ಹೋಗಿ, ರುದ್ರಮುನಿ ಮಾಸ್ತರನ್ನು ಹುಡುಕಿ ಬಂದಳು. ಸಂಜೆ ಅಮ್ಮನ ಮುಂದೆ ಕೂತು ಹೇಳಿದಳು. ಜನ ಆಟಕ್ಕೆ ಬರಲಾಗದಿದ್ದರೆ ಆಟವೇ ಜನರ ಹತ್ತಿರ ಹೋಗಬೇಕು ಎಂದು ಅವಳ ಪಾಠದಲ್ಲಿತ್ತಂತೆ. ಅಪ್ಪ ಅಪ್ಪನಾಗಿ ಬಿಳಿಚೋಡಿಗೆ ಹೋಗಲಾರ, ಸರಿ. ಪಾರ್ಟು ಹೋದರೆ? ಕೊನೆಯ ಅಂಕದ ಒಂದು ತುಂಡು ಸಾಕು. ಅತ್ತೆಯ ಮನೆ ಎದುರು ಬೇವಿನಮರದ ಕಟ್ಟೆ ಇದೆಯಲ್ಲ. ಕಲಾವಿದೆಯನ್ನು ಕರೆಸಲು ಆಗುವುದಿಲ್ಲ, ತಂಗಿಯ ಮಾತು ತನಗೇ ಬಾಯಿಪಾಠ. ಮಾಸ್ತರು ಮೊದಲು ಗೊಣಗಿದರು, ಮಂಡಿನೋವು ಅಂದರು, ಕಟ್ಟೆಯ ಮೇಲೆ ಪೇಟಿ ನುಡಿಸುವ ಕಾಲ ಬಂತೇ ಅಂದರು. ಕೊನೆಗೆ ಒಪ್ಪಿದರು. ಒಂದೇ ಕರಾರು: ಜಯಪ್ಪ ಬಣ್ಣ ಹಚ್ಚಿಕೊಂಡೇ ಊರೊಳಗೆ ಕಾಲಿಡಬೇಕು. ಬರಿ ಮುಖದಲ್ಲಿ ಬಸ್ಸಿಳಿದರೆ ಅವನು ಕೊಟ್ರಮ್ಮನ ಅಣ್ಣ. ಮೊದಲು ತಲೆ ಬಾಗಿ ಬಂದವನು ಅವನೇ ಆಗುತ್ತಾನೆ.

“ಮತ್ತೆ ಇದಕ್ಕೆ ನಿಮ್ಮ ಸರ್ ಅಂಕ ಕೊಡ್ತಾರಾ?” ಎಂದಳು ಅಂಜಿನಮ್ಮ.

“ಇಲ್ಲವ್ವ. ಅದು ಮುಗೀತು.”

“ಹಂಗಾದ್ರೆ ಹೋಗಾನ” ಎಂದಳು.

ಜಯಪ್ಪನನ್ನು ಒಪ್ಪಿಸಲು ಎರಡು ದಿನ ಬೇಕಾಯಿತು. ಒಪ್ಪಿಸಿದವಳು ಅವನ ತಾಯಿ. ಮುದುಕಿ ಏನೂ ವಾದಿಸಲಿಲ್ಲ. ಅವನು ಬಣ್ಣ ಹಚ್ಚುವವರೆಗೆ ಉಣ್ಣುವುದಿಲ್ಲ ಎಂದು ಗೋಡೆಗೆ ಮುಖಮಾಡಿ ಮಲಗಿದಳು.

ಹೀಗೆ ಒಂದು ಮಧ್ಯಾಹ್ನ ದಾವಣಗೆರೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ, ಕೈತೊಳೆಯುವ ಕನ್ನಡಿಯ ಮುಂದೆ, ರುದ್ರಮುನಿ ಮಾಸ್ತರು ಜಯಪ್ಪನ ಮುಖಕ್ಕೆ ಬಣ್ಣ ಬಳಿದರು. ಹೋಟೆಲಿನವನು ಬೈಯಲು ಬಂದವನು ಬಿಳಿ ಮೀಸೆ ಅಂಟಿಸುವುದನ್ನು ನೋಡುತ್ತ ನಿಂತುಬಿಟ್ಟ. ಹರಕು ಕಂಬಳಿ ಹೊದ್ದು ಅಣ್ಣನ ಪಾರ್ಟು ಜಗಳೂರು ಬಸ್ಸು ಹತ್ತಿತು. ಅದರ ಹಿಂದೆ ಪೇಟಿ ಹೊತ್ತ ಮಾಸ್ತರು, ಕೋಲೂರಿದ ಲಕ್ಷ್ಮಮ್ಮ, ತಾಯಿ ಮಗಳು. ಮಕ್ಕಳು ಸೀಟಿನ ಮೇಲೆ ಹತ್ತಿ ನೋಡಿದವು. ಹುಡುಗರು ಫೋಟೋ ತೆಗೆದರು. ಎಲ್ಲಿಗೆ ಯಜಮಾನ್ರೇ ಎಂದು ಕಂಡಕ್ಟರ್ ಕೇಳಿದ. “ಬಿಳಿಚೋಡು” ಎಂದ ಜಯಪ್ಪ, ಮೀಸೆ ಬೀಳದ ಹಾಗೆ ತುಟಿ ಬಿಗಿಹಿಡಿದು. ಬಿಸಿಲಿಗೆ ಬಣ್ಣ ಬೆವರಿ ಕುತ್ತಿಗೆಗೆ ಇಳಿಯುತ್ತಿತ್ತು. ಅಂಜಿನಮ್ಮ ದಾರಿಯುದ್ದಕ್ಕೂ ಸೆರಗಿನಿಂದ ಒತ್ತಿ ಒತ್ತಿ ಒರೆಸಿದಳು. ನಾಚಿಕೆಯಾಗುತ್ತಿತ್ತು. ಮದುವೆಯಾದ ಇಷ್ಟು ವರ್ಷಕ್ಕೆ ಗಂಡನ ಮುಖವನ್ನು ಹತ್ತಾರು ಜನರ ಮುಂದೆ ಹೀಗೆ ಮುಟ್ಟಿದ್ದು ಅದೇ ಮೊದಲು.

ಬಿಳಿಚೋಡಿನಲ್ಲಿ ಕುರಿಗಳು ಮನೆಗೆ ಮರಳುವ ಹೊತ್ತು. ಕುರಿ ದಾಟುವವರೆಗೆ ಕಾದು ಕಟ್ಟೆ ಹತ್ತಿದರು. ಎದುರಿನ ಮನೆಯ ಬಾಗಿಲು ಅರ್ಧ ಮುಚ್ಚಿತ್ತು. ಪೇಟಿಯ ದನಿ ಕೇಳಿ ಹೆಂಗಸರು ಮಕ್ಕಳು ಸೇರಿದರು. ಯಾವ ಕಂಪನಿ, ಯಾರು ಕರೆಸಿದ್ದು ಎಂದು ಒಬ್ಬರನ್ನೊಬ್ಬರು ಕೇಳಿದರು. ಮಿತ್ರಾ ಸೆರಗು ಹೊದ್ದು ತಂಗಿಯಾದಳು. ಅವಳ ಅಭಿನಯ ದಾವಣಗೆರೆಯ ಕಲಾವಿದೆಯ ಕಾಲುಭಾಗವೂ ಇರಲಿಲ್ಲ. ಜಯಪ್ಪ ಕಟ್ಟೆಯ ಈ ತುದಿಯಿಂದ ಆ ತುದಿಗೆ ನಡೆದ. ಹಾಡು ಬಂತು, ಮುಗಿಯಿತು. ಬಾಗಿಲು ಅಲುಗಲಿಲ್ಲ.

ಮಾಸ್ತರು ಮಿತ್ರಾಳ ಮುಖ ನೋಡಿದರು. ನಲ್ಲೂರಿನಲ್ಲಿ ಅವಳು ಮೊಬೈಲಿನ ಗಂಟೆ ತೋರಿಸಿ ಮುಗಿಸಿ ಮುಗಿಸಿ ಎಂದು ಸನ್ನೆ ಮಾಡುತ್ತಿದ್ದವಳು. ಈಗ ಬೆರಳನ್ನು ಸುತ್ತ ತಿರುಗಿಸಿದಳು: ಇನ್ನೊಂದು ಸಲ. ಮಾಸ್ತರು ಅದೇ ಹಾಡನ್ನು ಮತ್ತೆ ಎತ್ತಿದರು. ಅದು ಮುಗಿದ ಮೇಲೂ ಇನ್ನೊಂದು ಸಲ. ಜಯಪ್ಪನ ದನಿ ಒಡೆಯಿತು. ಹಿಂದೆ ಕೂತ ಹುಡುಗರು ನಗಲು ಶುರುಮಾಡಿದರು. ಲಕ್ಷ್ಮಮ್ಮ ಕೋಲು ಹಿಡಿದು ನೆಲ ನೋಡುತ್ತಿದ್ದಳು. ಇದು ಆಗುವ ಕೆಲಸವಲ್ಲ, ಕಡೆಯ ಬಸ್ಸು ತಪ್ಪುತ್ತದೆ ಎಂದು ಅಂಜಿನಮ್ಮ ಚೀಲಕ್ಕೆ ಕೈಹಾಕಿದಳು.

ಆಗ ಬಾಗಿಲು ತೆರೆಯಿತು. ಮೊದಲು ಸಿದ್ದು ಬಂದು ಮೆಟ್ಟಿಲಿನ ಪಕ್ಕ ನಿಂತ. ಹಿಂದೆ ಕೊಟ್ರಮ್ಮ. ಕೈಯಲ್ಲಿ ಅದೇ ಸ್ಟೀಲಿನ ತಟ್ಟೆ, ಅದೇ ಕೆಂಪು ವಸ್ತ್ರ. ಜನ ದಾರಿ ಬಿಟ್ಟರು. ಅವಳು ಯಾರನ್ನೂ ನೋಡದೆ ಕಟ್ಟೆ ಹತ್ತಿದಳು.

ಪೇಟಿ ನಿಂತಿತು. ಮಾಸ್ತರು ಮೈಕಿಲ್ಲದೆ, ಇದ್ದ ಗಂಟಲಿನಲ್ಲೇ ಕೂಗಿದರು: “ಬಿಳಿಚೋಡು ಕೊಟ್ರಮ್ಮನವರಿಂದ, ಅಣ್ಣನ ಪಾತ್ರಧಾರಿಗೆ ಆಯಾರ!”

ಕೊಟ್ರಮ್ಮ ಹರಕು ಕಂಬಳಿಯ ಮೇಲೆ ಹೊಸ ಅಂಗಿಬಟ್ಟೆ ಹೊದೆಸಿದಳು. ಬೆವರಿನಲ್ಲಿ ಕಲಸಿಹೋದ ಹಣೆಗೆ ಕುಂಕುಮ ಇಟ್ಟಳು. ಅಣ್ಣನ ಮುಖ ನೋಡಲಿಲ್ಲ. ಇಳಿಯಲು ತಿರುಗಿದಳು.

ಆಯಾರ ಆದ ಮೇಲೆ ನಾಟಕ ಮುಂದುವರಿಯಬೇಕು, ಅದು ಪದ್ಧತಿ. ಜಯಪ್ಪ ಮಿತ್ರಾಳ ಕಡೆ ತಿರುಗಿ ಮಾತು ಹೇಳಬೇಕಿತ್ತು. ಅವನು ಅಲ್ಲಿಗೆ ತಿರುಗಲಿಲ್ಲ. ಇಳಿಯುತ್ತಿದ್ದವಳ ಬೆನ್ನಿಗೆ ಹೇಳಿದ:

“ತಂಗೀ, ಈ ಅಣ್ಣ ಒಳಗೆ ಬರಬಹುದೇನಮ್ಮ?”

ಕೊಟ್ರಮ್ಮ ನಿಂತಳು. ಸೇರಿದ್ದ ಜನ ಇದು ನಾಟಕವೋ ಅಲ್ಲವೋ ತಿಳಿಯದೆ ಅವಳನ್ನು ನೋಡಿದರು.

“ಬಣ್ಣ ತೊಳ್ಕಂಡು ಬಾ” ಎಂದಳು. “ರೊಟ್ಟಿ ಆರ್ತಾವೆ.”

ಬಚ್ಚಲಿನ ಬಳಿ ಅವಳೇ ನೀರು ಹಾಕಿದಳು. ಬಣ್ಣ ಬೇಗ ಬಿಡಲಿಲ್ಲ. ಸೋದರಮಾವ ಅನ್ನಿಸಿಕೊಂಡವನು ಮದುವೆಗೆ ಎರಡು ದಿನ ಮುಂಚೆ ಬರಬೇಕು ಎಂದು ಕೊಟ್ರಮ್ಮ ಅವನ ತಲೆಯ ಮೇಲೆ ಚೊಂಬು ಬಗ್ಗಿಸುತ್ತ ಹೇಳುತ್ತಿದ್ದಳು. ಅವನು ಸೋಪ್ ಹಚ್ಚಿದ ಮುಖದಲ್ಲಿ ಹ್ಞೂಂ ಹ್ಞೂಂ ಅನ್ನುತ್ತಿದ್ದ. ಸೋಪಿನ ನೆಪದಲ್ಲಿ ಇಬ್ಬರೂ ಕಣ್ಣು ಒರೆಸಿಕೊಂಡರು. ಮುದುಕಿ ಮೊದಲೇ ಒಳಗೆ ಹೋಗಿ ತನ್ನದೇ ಮನೆಯೆಂಬಂತೆ ಕಂಬಕ್ಕೆ ಒರಗಿ ಕೂತಿದ್ದಳು.

ಎಲ್ಲರೂ ಸಾಲಾಗಿ ಕೂತರು. ಅಂಜಿನಮ್ಮ ರೂಢಿಯ ಹಾಗೆ ರೊಟ್ಟಿ ಬುಟ್ಟಿಗೆ ಕೈ ಚಾಚಿದಳು. ಕೊಟ್ರಮ್ಮ ಅದನ್ನು ಕಿತ್ತುಕೊಂಡು ಬಾಗಿಲಲ್ಲಿ ಹಿಂಜರಿದು ನಿಂತಿದ್ದ ಮಿತ್ರಾಳ ಕೈಗೆ ಕೊಟ್ಟಳು.

“ನೀನು ಕುಂದ್ರು ಅತ್ತಿಗೆ. ಇವಳು ಬಡಿಸ್ತಾಳೆ. ಟೇಬಲ್ ಹಾಕಾಕೆ ಬರ್ತೈತೆ, ಎಲೆ ಹಾಕಾಕೂ ಬರಬೇಕಲ್ಲ.”

ಮಿತ್ರಾ ತಲೆ ತಗ್ಗಿಸಿ ನಕ್ಕಳು. ಅಮ್ಮನ ಕಡೆಯಿಂದಲೇ ಬಡಿಸಲು ಶುರುಮಾಡಿದಳು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅಂಜಿನಮ್ಮ ತುತ್ತು ಮುರಿದು ಬಾಯಿಗಿಟ್ಟಳು. ತಾನು ಬೇಯಿಸದ, ತಾನು ಬಡಿಸದ ಊಟ ಉಂಡು ಎಷ್ಟು ಕಾಲವಾಗಿತ್ತೋ. ಕಣ್ಣು ತುಂಬಿ ಎದುರಿನ ತಟ್ಟೆ ಮಸುಕಾಯಿತು.

“ಖಾರ ಆತೇನು?” ಎಂದಳು ಕೊಟ್ರಮ್ಮ.

“ಇಲ್ಲ” ಎಂದಳು ಅಂಜಿನಮ್ಮ. “ಇನ್ನೊಂದು ಹಾಕು.”